ಚಿಕ್ಕಪ್ಪನ ಸರದಿಯ ಮರ

ಡಿಸೆಂಬರಿನ ಮಂಜು ಈಗಲೂ ಬೀಳುತ್ತದೆ. ಆದರೆ ನಾನು ಹುಡುಗಿಯಾಗಿದ್ದಾಗ ದೊಡ್ಡಬಳ್ಳಾಪುರದ ಸುತ್ತ ಬೀಳುತ್ತಿದ್ದ ಮಂಜೇ ಬೇರೆ ಎಂಬುದು ನನ್ನ ವಾದ. ಮೊಮ್ಮಕ್ಕಳು ನಗುತ್ತಾರೆ. ಮಂಜಿನಲ್ಲೂ ಹಳೆಯದು ಹೊಸದು ಅಂತ ಇರುತ್ತಾ ಎಂದು ಕೇಳುತ್ತಾರೆ. ಇರುತ್ತದೆ. ಆಗಿನ ಮಂಜು ಕೆರೆಯಿಂದ ಎದ್ದು, ಏರಿ ದಾಟಿ, ನಮ್ಮ ಬೀದಿಗೆ ಬಂದು ಬಾಗಿಲ ಮುಂದೆ ಕೂತುಬಿಡುತ್ತಿತ್ತು. ಎದುರು ಮನೆಯ ಮಗ್ಗದ ಸದ್ದು ಕೇಳುತ್ತಿತ್ತು, ಮನೆ ಮಾತ್ರ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಕೆಮ್ಮಿನಿಂದಲೇ ಆಳು ಯಾರೆಂದು ಗುರುತು ಹಿಡಿಯಬೇಕಿತ್ತು. ಅಂಥ ಮಂಜಿನಲ್ಲಿ ನಮ್ಮ ಮನೆಯವರು ವರ್ಷಕ್ಕೊಮ್ಮೆ ಕೊಡಲಿ ಹೆಗಲಿಗೇರಿಸಿಕೊಂಡು ಮರ ಕಡಿಯಲು ಹೊರಡುತ್ತಿದ್ದರು.

ನಮ್ಮದು ಕ್ರೈಸ್ತ ಮನೆ. ಊರಿನಲ್ಲಿ ನಮ್ಮಂಥ ಮನೆಗಳು ಬೆರಳೆಣಿಕೆಯಷ್ಟು. ತಾತ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಅವನು ಬೆಂಗಳೂರಿನಲ್ಲಿ ಯಾವುದೋ ದೊರೆಯ ಬಂಗಲೆಯಲ್ಲಿ ಕ್ರಿಸ್‌ಮಸ್ ಮರ ನೋಡಿ ಬಂದು, ನಮ್ಮ ಮನೆಯಲ್ಲೂ ಇಡಲೇಬೇಕೆಂದು ಹಠ ಹಿಡಿದನಂತೆ. ಆ ಜಾತಿಯ ಮರ ನಮ್ಮ ಕಡೆ ಎಲ್ಲಿಂದ ಬರಬೇಕು? ಸರ್ವೆ ಮರ ಇತ್ತು. ಸೌದೆಗೆಂದು ಬೆಳೆಸುವ, ಎಲೆಯ ಬದಲು ಹಸಿರು ಕೂದಲು ಬಿಟ್ಟುಕೊಂಡು ನಿಂತಿರುವ, ಸ್ವಲ್ಪ ಗಾಳಿ ಬಂದರೂ ಸುಯ್ಯೆನ್ನುವ ಮರ. ತಾತ ಬಾಶೆಟ್ಟಿಹಳ್ಳಿಯ ದಾರಿಯಲ್ಲಿದ್ದ ನಮ್ಮ ರಾಗಿ ಹೊಲದ ಬದುವಿನ ಮೇಲೆ ಸಾಲಾಗಿ ಸರ್ವೆ ಸಸಿಗಳನ್ನು ನೆಟ್ಟ. ಸುಮ್ಮನೆ ನೆಟ್ಟಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅವನು ಮನೆಯ ಒಬ್ಬೊಬ್ಬರಿಗೂ ಒಂದೊಂದು ನೆಟ್ಟ.

ಹುಟ್ಟಿ ಬಂದವರಿಗೂ ಒಂದು, ಮದುವೆಯಾಗಿ ಬಂದವರಿಗೂ ಒಂದು. ಒಂದೊಂದು ಕ್ರಿಸ್‌ಮಸ್ಸಿಗೆ ಒಬ್ಬೊಬ್ಬರ ಸರದಿ. ಯಾರ ಸರದಿಯೋ ಅವರೇ ತಮ್ಮ ಮರವನ್ನು ಕಡಿಯಬೇಕು. ಚಿಕ್ಕ ಮಕ್ಕಳಾದರೆ ಮೊದಲ ಏಟು ಅವರದು, ಮಿಕ್ಕದ್ದು ದೊಡ್ಡವರದು. ಒಬ್ಬರ ಮರಕ್ಕೆ ಇನ್ನೊಬ್ಬರು ತಾವಾಗಿ ಕೊಡಲಿ ಹಾಕುವ ಹಾಗಿಲ್ಲ. ಕಡಿದ ಜಾಗದ ಪಕ್ಕದಲ್ಲಿ ಮಳೆಗಾಲ ಬಂದಾಗ ಅವರದೇ ಇನ್ನೊಂದು ಸಸಿ ನೆಡಬೇಕು. ಇವೆಲ್ಲಕ್ಕಿಂತ ವಿಚಿತ್ರವಾದ ಕಟ್ಟಳೆ ಇನ್ನೊಂದಿತ್ತು. ಕಡಿಯುವಾಗ ಮನೆಯವರಲ್ಲೊಬ್ಬರು ಆ ಮರದ ಕೆಳಗಿನ ರೆಂಬೆಯೊಂದನ್ನು ಹಿಡಿದು ನಿಲ್ಲಬೇಕು. ಮರ ಕಿರುಗುಟ್ಟಲು ಶುರುವಾದ ಮೇಲೆ ಬಿಟ್ಟು ಓಡಬಹುದು, ಅಲ್ಲಿಯವರೆಗೆ ಬಿಡಬಾರದು. “ಮಗೂಗೆ ಸೂಜಿ ಚುಚ್ಚುವಾಗ ಕೈ ಹಿಡ್ಕೊಳ್ಳಲ್ವಾ, ಹಂಗೆ” ಎನ್ನುತ್ತಿದ್ದನಂತೆ ತಾತ. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದವನಿಗೆ ಮರವೂ ಒಂದು ಮಗುವಾಗಿಯೇ ಕಂಡಿರಬೇಕು. ನಾನು ಅವನನ್ನು ನೋಡಿಲ್ಲ. ನಾನು ಹುಟ್ಟಿ, ನನ್ನ ಸಸಿಯನ್ನು ನೆಟ್ಟ ಆ ಮಳೆಗಾಲದಲ್ಲೇ ಅವನು ತೀರಿಕೊಂಡ.

ನನಗೆ ನೆನಪಿರುವ ಮೊದಲ ಮರ ಅಮ್ಮನದು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಕಂಬಳಿ ಹೊದ್ದು ಅಪ್ಪನ ಹೆಗಲ ಮೇಲೆ ಕೂತಿದ್ದೆ. ಬಗ್ಗಿ ನೋಡಿದರೆ ಅಪ್ಪನ ತಲೆ ಕಾಣುತ್ತಿತ್ತು, ಅದರ ಕೆಳಗೆ ಬರೀ ಬಿಳುಪು. ಅಪ್ಪನಿಗೆ ಕಾಲುಗಳೇ ಇಲ್ಲವೇನೋ ಎಂದು ಹೆದರಿ ಅವನ ಎರಡೂ ಕಿವಿ ಹಿಡಿದುಕೊಂಡಿದ್ದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೊಡಲಿ ಬೀಸಿದಳು. ಅಡುಗೆ ಮನೆಯಲ್ಲಿ ಸದ್ದಿಲ್ಲದೆ ಓಡಾಡುವ ಅಮ್ಮ ಇವಳೇ ಎಂದು ನಂಬಿಕೆ ಬರಲಿಲ್ಲ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ರೆಂಬೆ ಹಿಡಿದು ನಿಂತು ಮರವನ್ನು ಸಮಾಧಾನ ಮಾಡುತ್ತಿದ್ದ. “ಹೆದರ್ಕೋಬೇಡ ಕಣೋ, ನಮ್ಮತ್ತಿಗೆ ಕೈ ಹಗುರ. ದಿನಾ ಕುಂಬಳಕಾಯಿ ಹೆಚ್ಚಿ ಅಭ್ಯಾಸ ಆಗ್ಬಿಟ್ಟಿದೆ” ಎಂದ. ಎಲ್ಲರೂ ನಕ್ಕರು. ಆಮೇಲೆ ಮರ ಬಿತ್ತು. ಬಿದ್ದ ಸದ್ದು ನನಗೆ ನೆನಪಿಲ್ಲ, ಬಿದ್ದಾದ ಮೇಲಿನ ನಿಶ್ಶಬ್ದ ನೆನಪಿದೆ.

ಮನೆಗೆ ತಂದ ಮರವನ್ನು ಕೆರೆ ಮಣ್ಣು ತುಂಬಿದ ಬಾನಿಯಲ್ಲಿ ನಡುಮನೆಯಲ್ಲಿ ನಿಲ್ಲಿಸುತ್ತಿದ್ದೆವು. ಪಕ್ಕದಲ್ಲಿ ನೂಲಿನ ವ್ಯಾಪಾರ ಮಾಡುವ ಮುಸ್ಲಿಮರ ಮನೆಯಿತ್ತು. ಆ ಮನೆಯಾಕೆಯನ್ನು ನಾವು ಖಾಲಾ ಎಂದು ಕರೆಯುತ್ತಿದ್ದೆವು. ಆಕೆ ವರ್ಷವಿಡೀ ತುಂಡು ನೂಲುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಟ್ಟು, ನಮ್ಮ ಹಬ್ಬ ಬಂತೆಂದರೆ ಗೋಡೆಯ ಮೇಲಿನಿಂದ ಚಾಚುತ್ತಿದ್ದಳು. “ತಗೋ ಬೇಟೀ, ನಿಮ್ ಮರಕ್ಕೆ ಬಟ್ಟೆ” ಎನ್ನುತ್ತಿದ್ದಳು. ಕೆಂಪು, ಹಳದಿ, ಗಿಣಿಹಸಿರು ನೂಲು. ನಾವು ಅದನ್ನು ರೆಂಬೆಗಳಿಗೆ ಇಳಿಬಿಟ್ಟು, ಟೀ ಪೊಟ್ಟಣದ ಬೆಳ್ಳಿ ಕಾಗದವನ್ನು ಕತ್ತರಿಸಿ ಸಿಕ್ಕಿಸುತ್ತಿದ್ದೆವು. ದೇವಾಲಯದಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಹಚ್ಚಿದಾಗ ಮನೆಯೊಳಗೆ ಸರ್ವೆಯ ಹಸಿ ವಾಸನೆ, ಮೇಣದ ವಾಸನೆ, ಹಿತ್ತಲಲ್ಲಿ ಬೇಯುತ್ತಿದ್ದ ಅವರೆಕಾಳಿನ ವಾಸನೆ ಎಲ್ಲ ಸೇರುತ್ತಿದ್ದವು. ನನಗೆ ಕ್ರಿಸ್‌ಮಸ್ ಎಂದರೆ ಇವತ್ತಿಗೂ ಆ ಮೂರು ವಾಸನೆಗಳೇ.

ಅಮ್ಮನ ಮರದ ಮರುವರ್ಷ ಚಿಕ್ಕಪ್ಪನ ಸರದಿ. ಆ ವರ್ಷ ಈಸ್ಟರ್ ಕಳೆದ ಮೇಲೆ ಅವನ ಮದುವೆಯಾಯಿತು. ಚಿಕ್ಕಮ್ಮ ಕೋಲಾರದ ಕಡೆಯವಳು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು, ಸಿಟ್ಟು ಬಂದರೆ ಪೂರ್ತಿ ತೆಲುಗೇ. ತಂದೆ ತಾಯಿ ಇಲ್ಲದೆ ಅಣ್ಣನ ಮನೆಯಲ್ಲಿ ಬೆಳೆದ ಹುಡುಗಿ. ಚಿಕ್ಕಪ್ಪ ಮೋಟಾರ್ ರಿಪೇರಿ ಕಲಿತಿದ್ದ. ಯುದ್ಧಕ್ಕೆ ಮೆಕ್ಯಾನಿಕ್‌ಗಳು ಬೇಕೆಂದಾಗ ಯಾರನ್ನೂ ಕೇಳದೆ ಹೆಸರು ಕೊಟ್ಟುಬಿಟ್ಟ. ಮುಂಗಾರು ಹಿಡಿದ ಮೇಲೆ ಹೆಂಡತಿಯ ಸರ್ವೆ ಸಸಿಯನ್ನು ತನ್ನ ಮರದ ಪಕ್ಕದಲ್ಲೇ ನೆಟ್ಟು, ಕೈ ತೊಳೆದುಕೊಂಡು ಹೊರಟ. ಹೊರಡುವಾಗ ಅಜ್ಜಿಗೆ ಹೇಳಿದ ಮಾತನ್ನು ಮನೆಯವರೆಲ್ಲ ಕೇಳಿಸಿಕೊಂಡರು. “ಅಮ್ಮಾ, ಹಬ್ಬಕ್ಕೆ ರಜ ಸಿಗದಿದ್ರೆ ನನ್ ಮರಾನ ಯಾರೂ ಮುಟ್ಬೇಡಿ. ನಾನೇ ಬಂದು ಕಡೀತೀನಿ” ಎಂದಿದ್ದ.

ರಜ ಸಿಗಲಿಲ್ಲ. ಮಲಯದಿಂದ ಒಂದೆರಡು ಕಾಗದ ಬಂದವು. ಅಲ್ಲಿ ರಬ್ಬರ್ ತೋಟಗಳಿವೆ, ಬಾಳೆಹಣ್ಣು ನಮ್ಮದಕ್ಕಿಂತ ದಪ್ಪ ಎಂದೆಲ್ಲ ಬರೆದಿದ್ದ. ಸಿಂಗಪುರ ಶತ್ರುಗಳ ಕೈಗೆ ಬಿದ್ದ ಮೇಲೆ ಅವೂ ನಿಂತವು. ಬಹಳ ದಿನ ಕಳೆದು ಸರ್ಕಾರದಿಂದ ತಿಳಿವಳಿಕೆ ಬಂತು, ಕಾಣೆಯಾಗಿದ್ದಾನೆ ಎಂದು. ಸತ್ತಿದ್ದಾನೆ ಎಂದಿರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ. ಅಪ್ಪ ಅದನ್ನು ಓದಿ ಹೇಳಿದಾಗ ಅಜ್ಜಿ, “ಕಾಣೆಯಾದೋನು ಸಿಗ್ತಾನೆ. ಸಿಗೋವರ್ಗೂ ಕಾಯೋದು, ಇನ್ನೇನು” ಎಂದು ರಾಗಿ ಬೀಸಲು ಕೂತಳು. ಆ ಬೀಸುಕಲ್ಲಿನ ಸದ್ದು ಅವತ್ತು ಬಹಳ ಹೊತ್ತು ನಿಲ್ಲಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಸರದಿಯೇ ನಿಂತುಹೋಯಿತು. ಚಿಕ್ಕಪ್ಪನ ಮರವನ್ನು ಚಿಕ್ಕಪ್ಪನೇ ಕಡಿಯಬೇಕು, ಅವನದು ಮುಗಿಯದೆ ಮುಂದಿನವರದಕ್ಕೆ ಕೈ ಹಾಕುವ ಹಾಗಿಲ್ಲ ಎಂದು ಅಜ್ಜಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಮುಂದಿನವಳು ಯಾರು? ನಾನು! ನನಗೆ ಆದ ಸಂಕಟ ಯಾರಿಗೂ ಅರ್ಥವಾಗಲಿಲ್ಲ. ವರ್ಷ ವರ್ಷ ಹಬ್ಬ ಬರುವುದು, ಬಾನಿ ಹಿತ್ತಲಲ್ಲಿ ಬೋರಲು ಬಿದ್ದಿರುವುದು, ಖಾಲಾ ಕೊಟ್ಟ ನೂಲಿನ ಚೀಲಗಳು ಅಟ್ಟದ ಮೇಲೆ ಒಂದರ ಮೇಲೊಂದು ಕೂರುವುದು. ನಾನು ಮುಖ ಊದಿಸಿಕೊಂಡು ಮೂಲೆ ಸೇರುವುದು, ಅಮ್ಮ ತೊಡೆ ಚಿವುಟುವುದು. ಪಾದ್ರಿಗಳು ಒಮ್ಮೆ ಮನೆಗೆ ಬಂದವರು, ಮಕ್ಕಳ ಸಂತೋಷಕ್ಕೆ ಒಂದು ರೆಂಬೆಯನ್ನಾದರೂ ತಂದು ಇಡಬಹುದಲ್ಲ ಎಂದರು. ಅಜ್ಜಿ ಅವರಿಗೆ ಕಾಫಿ ಕೊಟ್ಟು, “ರೆಂಬೆ ಇಟ್ಟು ಮರ ಅನ್ನೋಕಾಗುತ್ತಾ ಸ್ವಾಮಿ?” ಎಂದು ಕೇಳಿದಳು. ಅವರು ಕಾಫಿ ಕುಡಿದು ಎದ್ದರು.

ಇತ್ತ ಚಿಕ್ಕಪ್ಪನ ಮರ ಯಾರ ಮಾತನ್ನೂ ಕೇಳದೆ ಬೆಳೆಯುತ್ತಿತ್ತು. ನಡುಮನೆಯ ಎತ್ತರ ದಾಟಿತು, ಮಾಡಿನ ಎತ್ತರ ದಾಟಿತು. ಕೆಳಗಿನ ರೆಂಬೆಗಳು ಒಣಗಿ ಉದುರಿದವು, ಒಂದೆರಡು ಮಾತ್ರ ಹಸಿರಾಗಿ ಉಳಿದವು. ಅದರ ಕಾಂಡ ಅಪ್ಪನ ತೊಡೆಯಷ್ಟು ದಪ್ಪವಾಯಿತು. ಇನ್ನು ಅವನು ಬಂದು ಕಡಿದರೂ ಮನೆಯೊಳಗೆ ಹಿಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಜ್ಜಿ ಹೊಲಕ್ಕೆ ಹೋದಾಗಲೆಲ್ಲ ಅದರ ಬುಡದಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಶನಿವಾರಗಳಲ್ಲಿ ಚಿಕ್ಕಪ್ಪನ ಕಂಬಳಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಿಸಿಡುತ್ತಿದ್ದಳು.

ನಾನು ಮಲಗುತ್ತಿದ್ದದ್ದು ಚಿಕ್ಕಮ್ಮನ ಮಗ್ಗುಲಲ್ಲಿ. ಅವಳು ಗಂಡನ ಜೊತೆ ಬಾಳಿದ್ದು ಒಂದು ಬೇಸಿಗೆ ಮಾತ್ರ. ಈಗ ಲೆಕ್ಕ ಹಾಕಿದರೆ ಅವಳು ಆಗ ನನ್ನ ದೊಡ್ಡ ಮೊಮ್ಮಗಳಿಗಿಂತ ಚಿಕ್ಕವಳು. ಬೆಳಿಗ್ಗೆ ಎದ್ದು ಕಸ ಗುಡಿಸಿ, ನೀರು ತಂದು, ಅಜ್ಜಿಯ ಕಾಲು ಒತ್ತಿ, ನನ್ನ ತಲೆ ಬಾಚಿ, ಮತ್ತೆ ಸಂಜೆಗೆ ನೀರು ತರುತ್ತಿದ್ದಳು. ಅಜ್ಜಿ ಅವಳನ್ನು ಗದರಿಸಿದ್ದೇ ಇಲ್ಲ. ಒಳ್ಳೆಯ ತುಂಡು ಮಾಂಸ ಅವಳ ತಟ್ಟೆಗೇ ಹಾಕುತ್ತಿದ್ದಳು. ಮಗನ ಸಾಮಾನನ್ನು ಜೋಪಾನ ಮಾಡುವ ಹಾಗೆ ಅವಳನ್ನೂ ಜೋಪಾನ ಮಾಡುತ್ತಿದ್ದಳು ಎಂದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಒಂದು ಮಧ್ಯಾಹ್ನ ನಾವಿಬ್ಬರೂ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೇಳಿದಳು.

“ನಿಮ್ ಚಿಕ್ಕಪ್ಪ ಮಾತಾಡೋದು ನಿಂಗೆ ನೆನಪಿದೆಯಾ?”

“ಇದೆ. ಕುಂಬಳಕಾಯಿ ಅಂದಿದ್ದು.”

“ಧ್ವನಿ ನೆನಪಿದೆಯಾ ಅಂತ ಕೇಳ್ದೆ ಕಣೇ. ದಪ್ಪ ಇತ್ತಾ, ಸಣ್ಣಗಿತ್ತಾ? ಮುಖ ಫೋಟೋದಲ್ಲಿದೆ. ಧ್ವನಿ ಎಲ್ಲೂ ಇಲ್ಲ. ನಂಗೆ ಮರ್ತೋಗ್ತಾ ಇದೆ.”

ನಾನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಮಾತು ನೆನಪಿಗೆ ಬಂತು, ಧ್ವನಿ ಬರಲಿಲ್ಲ. ಅಪ್ಪನ ಧ್ವನಿಯೇ ಅದರ ಬದಲು ಬಂದು ನಿಂತಿತು. ನನಗೆ ಅಳು ಬಂತು. ಚಿಕ್ಕಮ್ಮ ಅಳಲಿಲ್ಲ, ಸಿಪ್ಪೆಗಳನ್ನು ಮೊರಕ್ಕೆ ತುಂಬಿಕೊಂಡು ಎದ್ದು ಹೋಗಿ ದನದ ಮುಂದೆ ಸುರಿದಳು.

ಯುದ್ಧ ಮುಗಿಯಿತು. ನಮ್ಮ ಕಡೆಯ ಒಬ್ಬೊಬ್ಬರೇ ಊರಿಗೆ ಮರಳಿದರು. ಸೊರಗಿದವರು, ಕುಂಟುವವರು, ರಾತ್ರಿ ಕೂಗಿಕೊಳ್ಳುವವರು. ಅಪ್ಪ ಅವರನ್ನೆಲ್ಲ ಹುಡುಕಿಕೊಂಡು ಹೋಗಿ ಕೇಳಿದ. ಯಾರಿಗೂ ಚಿಕ್ಕಪ್ಪನ ಸುದ್ದಿ ಗೊತ್ತಿರಲಿಲ್ಲ. ಅಜ್ಜಿ ಮಾತ್ರ, ಹಡಗು ತಡ ಆಗ್ತದೆ ಎನ್ನುತ್ತಿದ್ದಳು. ವರ್ಷ ಕಳೆದರೂ ಹಡಗು ತಡವಾಗುತ್ತಲೇ ಇತ್ತು.

ಯುದ್ಧ ಮುಗಿದ ಮರುವರ್ಷ, ಹಬ್ಬ ಹತ್ತಿರ ಬಂದಾಗ, ಬೆಂಗಳೂರಿನ ಮಿಷನ್ ಆಸ್ಪತ್ರೆಯ ದೊರೆಸಾನಿ ನಮ್ಮ ಮನೆಗೆ ಬಂದಳು. ಆಕೆ ಆಗಾಗ ಊರಿಗೆ ಬಂದು ಔಷಧಿ ಕೊಡುವಾಗ ಚಿಕ್ಕಮ್ಮ ಗಾಯ ತೊಳೆದು ಪಟ್ಟಿ ಕಟ್ಟಲು ನೆರವಾಗುತ್ತಿದ್ದಳು. ಜನವರಿಯಲ್ಲಿ ನರ್ಸ್ ಕೆಲಸ ಕಲಿಸುವ ತರಗತಿ ಶುರುವಾಗುತ್ತದೆ, ಈ ಹುಡುಗಿಗೆ ಒಂದು ಜಾಗ ಇಟ್ಟಿದ್ದೇನೆ, ಊಟ ವಸತಿ ಅಲ್ಲೇ, ಕಳಿಸಿ ಎಂದಳು ದೊರೆಸಾನಿ, ತನ್ನ ಪುಸ್ತಕದ ಕನ್ನಡದಲ್ಲಿ. ಬಾಗಿಲ ಹಿಂದೆ ನಿಂತಿದ್ದ ಚಿಕ್ಕಮ್ಮ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನಾನು ಅಯ್ಯೋ ಎನ್ನುವುದರಲ್ಲಿದ್ದೆ.

“ಅವನು ಬರ್ಲಿ ತಾಯಿ. ಬಂದ್ಮೇಲೆ ಅವನ್ನೇ ಕೇಳಿ ಹೇಳ್ತೀನಿ” ಎಂದಳು ಅಜ್ಜಿ.

ದೊರೆಸಾನಿ ಅಪ್ಪನ ಮುಖ ನೋಡಿದಳು. ಅಪ್ಪ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. ಅಪ್ಪ ಒಳ್ಳೆಯವನು, ಆದರೆ ಅಜ್ಜಿಯ ಮುಂದೆ ಅವನ ಬಾಯಿಗೆ ಬೀಗ. ದೊರೆಸಾನಿ ಹೋದ ಮೇಲೆ ಚಿಕ್ಕಮ್ಮ ಹೊರಗೆ ಬಂದು ಕೇಳಿದಳು.

“ಹೋಗ್ಲಾ ಅತ್ತೆ?”

“ನೀನು ಅಲ್ಲಿದ್ದಾಗ ಅವನು ಬಂದ್ಬಿಟ್ರೆ? ಹೆಂಡ್ತಿ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ಲಿ?”

ಅಜ್ಜಿ ಅದನ್ನು ಗದರಿಸಿ ಹೇಳಲಿಲ್ಲ. ನಿಜವಾಗಿಯೂ ಉತ್ತರ ಗೊತ್ತಿಲ್ಲದವಳ ಹಾಗೆ ಕೇಳಿದಳು. ಅದಕ್ಕೇ ಚಿಕ್ಕಮ್ಮನಿಗೆ ತಿರುಗಿ ಮಾತಾಡಲು ಆಗಲಿಲ್ಲ ಅನ್ನಿಸುತ್ತದೆ. ನನಗೆ ಮಾತ್ರ ಅಜ್ಜಿಯ ಮೇಲೆ ಮೈಯೆಲ್ಲ ಉರಿಯಿತು. ಕಾಣದ ಒಬ್ಬನಿಗಾಗಿ ಕಾಣುವವರನ್ನೆಲ್ಲ ನಿಲ್ಲಿಸಿಟ್ಟಿದ್ದಾಳೆ ಎಂದು. ಆ ದಿನವೆಲ್ಲ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಯಾರೋ ನನ್ನ ಕೆನ್ನೆ ತಟ್ಟಿದರು. ಕಣ್ಣು ಬಿಟ್ಟರೆ ಚಿಕ್ಕಮ್ಮ. ಬಾಗಿಲು ತೆರೆದಿತ್ತು, ಹೊಸ್ತಿಲಿನಾಚೆ ಬೆಳ್ಳಗೆ ಮಂಜು ನಿಂತಿತ್ತು. ಅವಳ ಕೈಯಲ್ಲಿ ಅಪ್ಪನ ಕೊಡಲಿ ಇತ್ತು.

“ರೆಂಬೆ ಹಿಡ್ಕೊಳ್ಳೋಕೆ ಒಬ್ರು ಬೇಕು. ಬರ್ತೀಯಾ?”

ನಾನು ಎದ್ದು ಕಂಬಳಿ ಹೊದ್ದು ಅವಳ ಹಿಂದೆ ನಡೆದೆ. ಯಾರ ಮರ ಎಂದು ಕೇಳಲಿಲ್ಲ.

ಆ ದಾರಿಯನ್ನು ನಾನು ಈಗಲೂ ಎಷ್ಟೋ ಸಲ ಕನಸಿನಲ್ಲಿ ನಡೆಯುತ್ತೇನೆ. ಬೀದಿ ಮುಗಿದದ್ದು ಕಾಲಿಗೆ ತಿಳಿಯಿತೇ ಹೊರತು ಕಣ್ಣಿಗೆ ತಿಳಿಯಲಿಲ್ಲ. ಕಲ್ಲು ಹೋಗಿ ಹುಡಿಮಣ್ಣು ಬಂತು, ಹುಡಿಮಣ್ಣು ಹೋಗಿ ಒದ್ದೆ ಹುಲ್ಲು ಬಂತು. ಎಲ್ಲೋ ಗಾಡಿಯ ಎತ್ತಿನ ಗಂಟೆ ಕೇಳುತ್ತಿತ್ತು, ನಮ್ಮ ಮುಂದೆಯೋ ಹಿಂದೆಯೋ ಗೊತ್ತಾಗದು. ಅವರೆ ಗಿಡಗಳ ಮೇಲೆ ಇಬ್ಬನಿ ಬಿದ್ದು ಅದರ ಸೊಗಡು ಮೂಗಿಗೆ ಅಂಟಿಕೊಳ್ಳುತ್ತಿತ್ತು. ಚಿಕ್ಕಮ್ಮನ ಸೀರೆಯ ಅಂಚು ಒಮ್ಮೆ ಕಾಣುತ್ತಿತ್ತು, ಒಮ್ಮೆ ಕರಗುತ್ತಿತ್ತು. ನಾನು ಅದನ್ನೇ ಹಿಡಿದುಕೊಂಡೆ. ಮಾತಾಡಿದರೆ ಮಂಜು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತದೆ ಎಂದು ನನಗೆ ಅನ್ನಿಸಿತ್ತು.

ರಾಗಿ ಕೊಯ್ದ ಕೂಳೆ ಅಂಗಾಲಿಗೆ ಚುಚ್ಚಿದಾಗ ನಮ್ಮ ಹೊಲ ಬಂತೆಂದು ತಿಳಿಯಿತು. ಬದುವಿನ ಮೇಲೆ ಮರಗಳು ಇದ್ದವು, ಆದರೆ ಸೊಂಟದಿಂದ ಮೇಲಕ್ಕೆ ಇರಲಿಲ್ಲ. ಸುಯ್ಯೆನ್ನುವ ಸದ್ದು ಮಾತ್ರ ಮೇಲಿನಿಂದ ಬರುತ್ತಿತ್ತು. ಚಿಕ್ಕಪ್ಪನ ಮರವನ್ನು ಚಿಕ್ಕಮ್ಮ ಮುಟ್ಟಿಯೇ ಗುರುತು ಹಿಡಿದಳು. ಪಕ್ಕದಲ್ಲಿ ಅವಳದು, ಅವನು ನೆಟ್ಟದ್ದು, ಅದೂ ಅವಳನ್ನು ಮೀರಿ ಬೆಳೆದಿತ್ತು. ನಾನು ಕೆಳಗಿನ ಹಸಿರು ರೆಂಬೆಯನ್ನು ಎಟುಕಿಸಿಕೊಂಡು ಹಿಡಿದೆ. ಅದರ ನೀರೆಲ್ಲ ನನ್ನ ತೋಳಿನೊಳಗೆ ಇಳಿಯಿತು.

ಮೊದಲ ಏಟು ಬಿದ್ದಾಗ ಆ ಸದ್ದು ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸರ್ವೆ ಬಲು ಗಟ್ಟಿ. ಎಳೆಯದನ್ನು ಕಡಿಯುವುದೇ ಕಷ್ಟ, ಇದಂತೂ ಕಾದು ಕಾದು ಕಲ್ಲಾಗಿತ್ತು. ಕೊಡಲಿ ಪುಟಿದು ಪುಟಿದು ವಾಪಸ್ಸು ಬರುತ್ತಿತ್ತು. ಚಿಕ್ಕಮ್ಮ ತೆಲುಗಿನಲ್ಲಿ ಏನೋ ಗೊಣಗುತ್ತ ಮತ್ತೆ ಮತ್ತೆ ಬೀಸಿದಳು. ಕೆಂಪು ಚಕ್ಕೆಗಳು ಹಾರಿ ಕೂಳೆಯ ಮೇಲೆ ಬಿದ್ದವು.

ಸದ್ದು ಮನೆಗೆ ಮುಟ್ಟಿರಬೇಕು. ಮಂಜಿನೊಳಗಿಂದ ಮೊದಲು ಅಪ್ಪನ ಕೆಮ್ಮು ಬಂತು, ಆಮೇಲೆ ಅಪ್ಪ ಬಂದ. ಅವನು ಕೊಡಲಿ ಕಸಿದುಕೊಳ್ಳುತ್ತಾನೆ ಎಂದುಕೊಂಡೆ. ಅವನು ಕೈ ಚಾಚಿದ, ಅರ್ಧಕ್ಕೆ ಹಿಂದಕ್ಕೆ ತೆಗೆದುಕೊಂಡ. ತಡೆಯಲು ಅವನಿಗೆ ಮನಸ್ಸಿರಲಿಲ್ಲ. ನೆರವಾಗೋಣವೆಂದರೆ ಮರ ಅವನದಲ್ಲ. “ಇನ್ನೂ ಸ್ವಲ್ಪ ಕೆಳಕ್ಕೆ ಹೊಡಿಯಮ್ಮ” ಎಂದಷ್ಟೇ ಹೇಳಿ, ಹೆಗಲ ಮೇಲಿದ್ದ ಹಗ್ಗವನ್ನು ಬಿಚ್ಚಿ ಮರಕ್ಕೆ ಕಟ್ಟಿದ. ಅದು ಕೂಳೆ ಹೊಲದ ಕಡೆಗೇ ಬೀಳಲಿ ಎಂದು. ನಮ್ಮ ಮನೆಯವರ ಬುದ್ಧಿಯೇ ಅಷ್ಟು. ಹೊಲದಲ್ಲಿ ಆಕಾಶ ಕಳಚಿ ಬಿದ್ದರೂ ಕಟ್ಟಳೆ ಮುರಿಯುವುದಿಲ್ಲ.

ಕಾಂಡ ಅರ್ಧ ತುಂಡಾಗಿತ್ತು. ಆಗ ಅಜ್ಜಿ ಬಂದಳು. ಚಿಕ್ಕಪ್ಪನ ಕಂಬಳಿಯನ್ನು ಹೊದ್ದಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಷ್ಟು ಹೊತ್ತಿನಿಂದ ನಡೆದು ಬಂದಳೋ, ಉಸಿರು ಬಿಡಲೂ ಆಗುತ್ತಿರಲಿಲ್ಲ.

“ನಿಲ್ಸು” ಎಂದಳು.

ಚಿಕ್ಕಮ್ಮ ನಿಲ್ಲಿಸಿದಳು. ಅಜ್ಜಿ ಮರದ ಹತ್ತಿರ ಹೋಗಿ ಕಡಿದ ಜಾಗಕ್ಕೆ ಕೈ ಹಾಕಿ ನೋಡಿದಳು. ಅಪ್ಪ ಏನೋ ಹೇಳಲು ಬಾಯಿ ತೆರೆದ, ಅಜ್ಜಿ ಅವನ ಕಡೆ ತಿರುಗಲಿಲ್ಲ.

“ಅವನ ಮರ ಅವನೇ ಕಡೀತೀನಿ ಅಂದಿದ್ದ.”

“ಗೊತ್ತು ಅತ್ತೆ. ನಾನೂ ಅಲ್ಲೇ ಇದ್ದೆ.”

“ಮತ್ತೆ?”

“ಅವರಿಗೆ ಆಗ್ದೇ ಇದ್ದಾಗ ಹೆಂಡ್ತಿ ಕಡೀಬಾರ್ದು ಅಂತ ಮಾವ ಎಲ್ಲಾದ್ರೂ ಹೇಳಿದ್ರಾ?”

ತಾತ ಹಾಗೆ ಹೇಳಿರಲಿಲ್ಲ, ಮಕ್ಕಳ ಕೈಲಾಗದ್ದನ್ನು ದೊಡ್ಡವರು ಕಡಿಯಲಿ ಎಂದೇ ಹೇಳಿದ್ದ. ಮೇಲೆ ಗಾಳಿ ಬೀಸಿತು, ನಾನು ಹಿಡಿದಿದ್ದ ರೆಂಬೆ ನಡುಗಿತು. ಆಮೇಲೆ ಅಜ್ಜಿ ಕೇಳಿದ ಮಾತನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ.

“ಅವನು ಸತ್ತಿದ್ದಾನೆ ಅಂತ ಕಡೀತಾ ಇದ್ದೀಯಾ?”

“ಗೊತ್ತಿಲ್ಲ ಅತ್ತೆ” ಎಂದಳು ಚಿಕ್ಕಮ್ಮ. “ದೇವರಾಣೆ ನಂಗೊತ್ತಿಲ್ಲ. ಗೊತ್ತಿಲ್ದೇ ಹಿಂಗೇ ನಿಂತಿರೋಕೆ ನನ್ ಕೈಲಿ ಆಗ್ತಾ ಇಲ್ಲ.”

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೊಡಲಿಯ ಕಾವನ್ನು ನೋಡಿದಳು. ಅದಕ್ಕೆ ರಕ್ತ ಅಂಟಿತ್ತು. ಚಿಕ್ಕಮ್ಮನ ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಅಜ್ಜಿ ತಲೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ, ಹಲ್ಲಿನಿಂದ ಎರಡಾಗಿ ಸೀಳಿ, ಒಂದೊಂದು ಕೈಗೂ ಸುತ್ತಿದಳು. “ಅಷ್ಟು ಬಿಗಿಯಾಗಿ ಹಿಡೀಬಾರ್ದು ಕಣಮ್ಮ, ಕೈ ಹೋಗ್ತದೆ” ಎಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ನಾನು ಹಿಡಿದಿದ್ದ ರೆಂಬೆಯನ್ನು ತಾನು ಹಿಡಿದು ನಿಂತಳು.

ಅಜ್ಜಿ ಮರಕ್ಕೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ತುಟಿಗಳು ಅಲ್ಲಾಡುತ್ತಿದ್ದವು. ಮರ ಕಿರುಗುಟ್ಟಿದಾಗ ಅಪ್ಪ ಅವಳನ್ನು ಎಳೆದುಕೊಳ್ಳಬೇಕಾಯಿತು. ಅದು ನಿಧಾನವಾಗಿ, ಮಂಜನ್ನು ಸೀಳಿಕೊಂಡು, ಅಪ್ಪ ಅಂದುಕೊಂಡ ಕಡೆಗೇ ಮಲಗಿತು. ಅಜ್ಜಿ ಅಳತೊಡಗಿದಳು. ಚಿಕ್ಕಪ್ಪ ಕಾಣೆಯಾದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಮ್ಮನೂ ಅತ್ತಳು. ಇಬ್ಬರೂ ಬಿದ್ದ ಕಾಂಡದ ಮೇಲೆ ಪಕ್ಕ ಪಕ್ಕದಲ್ಲಿ ಕೂತು ಜೋರಾಗಿ, ನಾಚಿಕೆಯಿಲ್ಲದೆ ಅತ್ತರು. ಅಪ್ಪ ನನ್ನನ್ನು ಕರೆದುಕೊಂಡು ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

ತುದಿಯನ್ನು ಮಾತ್ರ ಕತ್ತರಿಸಿ ಮನೆಗೆ ತಂದೆವು. ಅಟ್ಟದ ಮೇಲಿದ್ದ ನೂಲಿನ ಚೀಲಗಳನ್ನೆಲ್ಲ ಒಟ್ಟಿಗೇ ಇಳಿಸಿದೆವು. ಅಷ್ಟೂ ವರ್ಷದ ನೂಲನ್ನು ಹೊದ್ದುಕೊಂಡು ಆ ಮರ ಕಂಡ ಚೆಂದವನ್ನು ನಾನು ಮತ್ತೆ ಯಾವ ಮರದಲ್ಲೂ ಕಾಣಲಿಲ್ಲ. ಖಾಲಾ ಬಂದು ಬಾಗಿಲಲ್ಲಿ ನಿಂತು ನೋಡಿ, ಅಜ್ಜಿಯ ಬೆನ್ನು ಸವರಿ, ಏನೂ ಕೇಳದೆ ಹೋದಳು. ಅಮ್ಮ ಬತ್ತಿಗಳನ್ನು ಹಚ್ಚಿದಾಗ ಅಜ್ಜಿ ಮರದ ಎದುರಿಗೇ ಕೂತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಆಸ್ಪತ್ರೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಚಿಕ್ಕಮ್ಮ ಕೈಗೆ ಬೆಣ್ಣೆ ಸವರಿಕೊಂಡು ಎಂದಿನ ಹಾಗೆ ನೀರು ತರುತ್ತಿದ್ದಳು. ಹೊಸ ವರ್ಷದ ದಿನ ಅಜ್ಜಿ ತನ್ನ ಹಳೆಯ ಟ್ರಂಕನ್ನು ತಾನೇ ಎಳೆದು ತಂದು, ಬೇವಿನ ಸೊಪ್ಪು ಕೊಡವಿ, ಒರೆಸಿ, ಚಿಕ್ಕಮ್ಮನ ಮುಂದೆ ಇಟ್ಟಳು. “ಬೀಗ ಸರಿಯಿಲ್ಲ, ಹಗ್ಗ ಕಟ್ಕೋ” ಎಂದಳು.

ರೈಲ್ವೆ ಸ್ಟೇಷನ್ನಿಗೆ ನಾವೆಲ್ಲ ಹೋದೆವು. ಅಪ್ಪ ಟ್ರಂಕನ್ನು ಹೆಂಗಸರ ಡಬ್ಬಿಯೊಳಗೆ ತಳ್ಳಿದ. ಅಜ್ಜಿ ಕಿಟಕಿಯ ಹತ್ತಿರ ನಿಂತು, ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಮರೆಯಬೇಡ, ಅಲ್ಲಿಯ ಊಟ ಸೇರದಿದ್ದರೆ ಹುರಿಹಿಟ್ಟು ಇಟ್ಟಿದ್ದೇನೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಚಿಕ್ಕಮ್ಮ ಹೂಂ ಹೂಂ ಎನ್ನುತ್ತಿದ್ದಳು. ರೈಲು ಕೂಗಿದಾಗ ಅವಳ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಕಿಟಕಿಯ ಕಂಬಿ ಹಿಡಿದು, ಇಳಿದುಬಿಡುವವಳ ಹಾಗೆ ಅರ್ಧ ಎದ್ದಳು.

“ಅತ್ತೆ, ನಾನಿಲ್ದಾಗ ಅವರು ಬಂದ್ಬಿಟ್ರೆ?”

ಅಜ್ಜಿ ಕಂಬಿಯ ಮೇಲಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಬಂದ್ರೆ ನಾನಿರ್ತೀನಲ್ಲ. ಕಾಯೋದು ನನ್ ಕೆಲ್ಸ, ಹೆತ್ತೋಳು ನಾನು. ನೀನು ಹೋಗಿ ಓದ್ಕೋ.”

ರೈಲು ಹೊರಟಿತು. ಚಿಕ್ಕಮ್ಮ ಕೈ ಬೀಸುತ್ತಿದ್ದಳು, ಅಂಗೈಯ ಮೇಲೆ ಹೊಸ ಚರ್ಮ ಕೆಂಪಗೆ ಕಾಣುತ್ತಿತ್ತು. ಅವಳು ನರ್ಸಾದಳು, ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದಳು, ರಜೆಗೆ ನಮ್ಮ ಮನೆಗೇ ಬರುತ್ತಿದ್ದಳು. ಚಿಕ್ಕಪ್ಪ ಬರಲಿಲ್ಲ. ಅಜ್ಜಿ ಬದುಕಿರುವವರೆಗೂ ಶನಿವಾರ ಕಂಬಳಿಯನ್ನು ಬಿಸಿಲಿಗೆ ಹಾಕಿದಳು, ಸಂಜೆ ಬಾಗಿಲಲ್ಲಿ ಕೂತಳು. ತನ್ನ ಜೊತೆ ಕಾಯಲು ಮಾತ್ರ ಮತ್ತೆ ನಮ್ಮಲ್ಲಿ ಯಾರನ್ನೂ ಕರೆಯಲಿಲ್ಲ.